ಆಳಂದ, ಅಫಜಲಪುರ, ಜೇವರ್ಗಿ: ಲೈಬ್ರರಿಯ ಕೀಲಿಕೈ ಯಾರ ಹತ್ತಿರ?

ಮನೆ ಕಂದಾಯ ಕಟ್ಟಿದ ರಸೀದಿ ಮನೆಯಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ. ಅದನ್ನು ತೆಗೆದು ಸಾವಕಾಶ ಓದಿ. ಮೇಲೆ ತೆರಿಗೆಯ ಮೊತ್ತ, ಅದರ ಕೆಳಗೆ ಯಾರೂ ಕಣ್ಣು ಹಾಯಿಸದ ಸಣ್ಣ ಸಾಲುಗಳು: ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆ ವರ್ಷಕ್ಕೆ ಅರವತ್ತು ರೂಪಾಯಿಯನ್ನು ಲೈಬ್ರರಿಗೆಂದೇ ಕೊಡುತ್ತದೆ. ಆಳಂದದ ಅಂಗಡಿಕಾರರೂ ಕೊಡುತ್ತಾರೆ, ಜೇವರ್ಗಿಯ ಬಾಡಿಗೆ ಮನೆ ಮಾಲೀಕರೂ ಕೊಡುತ್ತಾರೆ, ಅಫಜಲಪುರ ತಾಲ್ಲೂಕಿನ ಕರಜಗಿಯ ರೈತರೂ ಕೊಡುತ್ತಾರೆ. ಕೊಟ್ಟವರಲ್ಲಿ ಬಹಳ ಜನ ಲೈಬ್ರರಿಯ ಹೊಸ್ತಿಲು ತುಳಿದಿಲ್ಲ. ತುಳಿದವರಲ್ಲೂ ಅನೇಕರು ಪೇಪರ್ ಓದಿ ಎದ್ದು ಬಂದವರೇ. ಪುಸ್ತಕ ಮನೆಗೆ ಒಯ್ಯಬಹುದು, ಬೇಕಾದ ಪುಸ್ತಕ ತರಿಸಿ ಎಂದು ಕೇಳಬಹುದು, ಬಾಗಿಲು ತೆರೆಯದಿದ್ದರೆ ದೂರು ಕೊಡಬಹುದು ಎಂಬುದೆಲ್ಲ ಗೊತ್ತಿರುವವರು ಕಡಿಮೆ. ಗೊತ್ತಿದ್ದವರಿಗೂ ಯಾರನ್ನು ಕೇಳಬೇಕು ಎಂಬಲ್ಲಿ ಗೊಂದಲ.

ಈ ಗೊಂದಲ ಸುಮ್ಮನೆ ಹುಟ್ಟಿದ್ದಲ್ಲ. ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಸರ್ಕಾರಿ ಲೈಬ್ರರಿಗಳಿಗೆ ಇಬ್ಬರು ಯಜಮಾನರಿದ್ದಾರೆ. ಪಟ್ಟಣದ ಶಾಖಾ ಗ್ರಂಥಾಲಯ ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದ್ದು. ಅದರ ಲೆಕ್ಕಪತ್ರ, ಸಿಬ್ಬಂದಿ, ಪುಸ್ತಕ ಎಲ್ಲವೂ ಕಲಬುರಗಿಯ ಜಿಲ್ಲಾ ಕೇಂದ್ರ ಗ್ರಂಥಾಲಯದ ಕೈಕೆಳಗೆ ಬರುತ್ತವೆ. ಹಳ್ಳಿಯ ಗ್ರಂಥಾಲಯಗಳೂ ಮೊದಲು ಅದೇ ಇಲಾಖೆಯವು. ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಿಸಲಾಯಿತು. ಮೊದಲು ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ ಎಂದಾಗಿ, ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ ಎಂಬ ಹೆಸರಿದೆ. ಹೀಗಾಗಿ ಅಫಜಲಪುರ ಪಟ್ಟಣದ ಲೈಬ್ರರಿಯ ಫ್ಯಾನು ಕೆಟ್ಟರೆ ಕಲಬುರಗಿಗೆ ಬರೆಯಬೇಕು. ಅದೇ ತಾಲ್ಲೂಕಿನ ಅತನೂರಿನ ಲೈಬ್ರರಿಯ ಫ್ಯಾನು ಕೆಟ್ಟರೆ ಅತನೂರಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗಬೇಕು. ಇಷ್ಟು ತಿಳಿದರೆ ಅರ್ಧ ಓಡಾಟ ಉಳಿಯಿತು.

ಕಾನೂನಿನ ಕಥೆಯನ್ನೂ ಒಂದಿಷ್ಟು ಹೇಳಬೇಕು. ಈ ಭಾಗ ನಿಜಾಮನ ಸಂಸ್ಥಾನದಲ್ಲಿತ್ತು, ಆಮೇಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯ 1955ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತ್ತು. ದೇಶದಲ್ಲಿ ಅದಕ್ಕೂ ಮುಂಚೆ 1948ರಲ್ಲಿ ಕಾಯ್ದೆ ಮಾಡಿದ್ದು ಮದ್ರಾಸ್. ಅಂದರೆ ಗ್ರಂಥಾಲಯ ಕಾನೂನಿನ ವಿಷಯದಲ್ಲಿ ಕಲಬುರಗಿ ಸೀಮೆ ಹಳೇ ಮೈಸೂರಿಗಿಂತ ಮುಂದಿತ್ತು. ಹಿಂದುಳಿದ ಪ್ರದೇಶ ಎಂಬ ಮಾತನ್ನು ದಿನಾ ಕೇಳುವ ನಮಗೆ ಇದು ನೆನಪಿನಲ್ಲಿರಲಿ. 1956ರಲ್ಲಿ ಏಕೀಕರಣವಾಯಿತು. ಇಡೀ ರಾಜ್ಯಕ್ಕೆ ಅನ್ವಯಿಸುವ ಕಾಯ್ದೆ 1965ರಲ್ಲಿ ಬಂತು. ಬೆಂಗಳೂರಿನಲ್ಲಿ ನೆಲೆಸಿದ್ದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವರಂಥವರು ವರ್ಷಗಟ್ಟಲೆ ಬೆನ್ನು ಹತ್ತಿದ್ದರ ಫಲ ಅದು. ರಸೀದಿಯ ಆ ಗ್ರಂಥಾಲಯ ಕರದ ಸಾಲು ಹುಟ್ಟಿದ್ದು ಅದೇ ಕಾಯ್ದೆಯಿಂದ.

ಈಗ ಪಟ್ಟಣದ ಲೈಬ್ರರಿಗೆ ಹೋಗೋಣ. ಒಳಗೆ ಬಂದು ಕೂತು ಓದಲು ಯಾವ ಕಾರ್ಡೂ ಬೇಡ, ಶುಲ್ಕವೂ ಇಲ್ಲ. ಬಾಗಿಲ ಹತ್ತಿರದ ಹಾಜರಿ ಪುಸ್ತಕದಲ್ಲಿ ಹೆಸರು ಬರೆದು ಸಹಿ ಮಾಡಿದರೆ ಆಯಿತು. ಆ ಸಹಿ ಮಾಡಲು ಬೇಸರಪಡಬೇಡಿ. ದಿನಕ್ಕೆ ಎಷ್ಟು ಮಂದಿ ಬಂದರು ಎಂಬ ಲೆಕ್ಕವೇ ಮುಂದೆ ಕುರ್ಚಿಗೆ, ಪೇಪರಿಗೆ, ಹೊಸ ಕೋಣೆಗೆ ಆಧಾರವಾಗುತ್ತದೆ. ಹತ್ತು ಜನ ಬಂದು ಇಬ್ಬರು ಸಹಿ ಮಾಡಿದರೆ ಮೇಲಿನವರ ಕಡತದಲ್ಲಿ ಬಂದವರು ಇಬ್ಬರೇ.

ಪುಸ್ತಕ ಮನೆಗೆ ಒಯ್ಯಬೇಕಾದರೆ ಮಾತ್ರ ಸದಸ್ಯತ್ವ ಬೇಕು. ಅರ್ಜಿ, ಫೋಟೊ, ಆಧಾರ್ ಅಥವಾ ಬೇರೆ ವಿಳಾಸದ ದಾಖಲೆ, ಕೆಲವೆಡೆ ಒಬ್ಬ ಸರ್ಕಾರಿ ನೌಕರರ ಶಿಫಾರಸು, ಜೊತೆಗೆ ಒಂದಿಷ್ಟು ಠೇವಣಿ. ಠೇವಣಿ ಎಂದರೆ ಫೀ ಅಲ್ಲ. ಸದಸ್ಯತ್ವ ಬಿಡುವಾಗ ಪುಸ್ತಕ, ಕಾರ್ಡು ಮರಳಿಸಿದರೆ ಅದು ವಾಪಸ್ ಬರುತ್ತದೆ. ಆದ್ದರಿಂದ ಆ ರಸೀದಿಯನ್ನು ಕಾರ್ಡಿನ ಜೊತೆಗೇ ಜೋಪಾನ ಮಾಡಿ. ಸಾಮಾನ್ಯವಾಗಿ ಎರಡು ವಾರದ ಗಡುವು. ಮುಗಿಯದಿದ್ದರೆ, ಬೇರೆ ಯಾರೂ ಕೇಳಿರದಿದ್ದರೆ, ಮತ್ತೆ ಬರೆಸಿಕೊಳ್ಳಬಹುದು. ಭಾನುವಾರ ತೆರೆದಿದ್ದು ಸೋಮವಾರ ರಜೆ ಇರುವುದು ಇಲಾಖೆಯ ಲೈಬ್ರರಿಗಳ ರೂಢಿ. ಹಳ್ಳಿಯಿಂದ ಸೋಮವಾರ ಬಸ್ ಹತ್ತಿ ಬಂದು ಬೀಗ ನೋಡಿ ಹೋದವರು ಬಹಳ.

ಪುಸ್ತಕವೊಂದನ್ನು ಕೈಗೆತ್ತಿಕೊಂಡು ಶೀರ್ಷಿಕೆ ಪುಟದ ಹಿಂಬದಿ ನೋಡಿ. ನೇರಳೆ ಶಾಯಿಯ ಮುದ್ರೆ, ಅದರೊಳಗೆ ಕೈಬರಹದ ಒಂದು ಸಂಖ್ಯೆ. ಅದು ಪರಿಗ್ರಹಣ ಸಂಖ್ಯೆ. ಲೈಬ್ರರಿಗೆ ಬಂದ ಪ್ರತಿ ಪ್ರತಿಗೂ ಒಂದೊಂದು ಸಂಖ್ಯೆ. ಒಂದೇ ಕಾದಂಬರಿಯ ಎರಡು ಪ್ರತಿ ಬಂದರೆ ಎರಡು ಸಂಖ್ಯೆ. ಆ ಸಂಖ್ಯೆ ದಪ್ಪ ರಿಜಿಸ್ಟರಿನಲ್ಲಿ ಬೆಲೆ, ಬಂದ ತಾರೀಖು, ಎಲ್ಲಿಂದ ಬಂತು ಎಂಬ ವಿವರದೊಂದಿಗೆ ಇರುತ್ತದೆ. ಮುದ್ರೆಯ ಹತ್ತಿರ ಕೆಲವೊಮ್ಮೆ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಹೆಸರು ಕಾಣುತ್ತದೆ. 1972ರಲ್ಲಿ ಸ್ಥಾಪನೆಯಾಗಿ ಕೋಲ್ಕತ್ತದಿಂದ ಕೆಲಸ ಮಾಡುವ ಈ ಕೇಂದ್ರ ಸಂಸ್ಥೆ ರಾಜ್ಯಗಳ ಜೊತೆ ಸೇರಿ ಪುಸ್ತಕ ಕೊಡಿಸುತ್ತದೆ. ಬೇಕಾದ ಪುಸ್ತಕ ಕಪಾಟಿನಲ್ಲಿ ಸಿಗದಿದ್ದರೆ ಇಲ್ಲವೆಂದು ತಿರುಗಿ ಬರಬೇಡಿ, ರಿಜಿಸ್ಟರಿನಲ್ಲಿ ನೋಡಲು ಹೇಳಿ. ಒಳಕೋಣೆಯ ಕಟ್ಟಿನಲ್ಲಿ ಬಿಚ್ಚದೆ ಕೂತ ಪುಸ್ತಕಗಳೂ ಇರುತ್ತವೆ.

ಕನ್ನಡದ ಹೊಸ ಪುಸ್ತಕಗಳು ಬರುವ ದಾರಿ ಬೇರೆ. ಆಯಾ ವರ್ಷ ಪ್ರಕಟವಾದವುಗಳಲ್ಲಿ ಆಯ್ಕೆ ಸಮಿತಿ ಆರಿಸಿದ್ದನ್ನು ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಕೊಳ್ಳುತ್ತದೆ. ಒಂದು ಶೀರ್ಷಿಕೆಗೆ 300 ಪ್ರತಿ ಎಂಬುದು ಪ್ರಕಾಶಕರಿಗೆಲ್ಲ ಬಾಯಿಪಾಠವಾದ ಲೆಕ್ಕ. ಆ 300 ಪ್ರತಿ ರಾಜ್ಯದ ಎಲ್ಲ ಜಿಲ್ಲಾ ಕೇಂದ್ರ, ನಗರ ಕೇಂದ್ರ ಗ್ರಂಥಾಲಯಗಳಿಗೆ ಹಂಚಿಕೆಯಾಗಿ, ಅಲ್ಲಿಂದ ಶಾಖೆಗಳಿಗೆ ಬರಬೇಕು. ಜೇವರ್ಗಿಯ ಪಾಲಿಗೆ ಒಂದು ಪ್ರತಿ ಬಂದರೆ ಪುಣ್ಯ. ಐದೂವರೆ ಸಾವಿರ ಪಂಚಾಯಿತಿಗಳಿಗಂತೂ ಆ ಲೆಕ್ಕ ಮುಟ್ಟುವುದೇ ಇಲ್ಲ. ಹಳ್ಳಿಯ ಲೈಬ್ರರಿಯಲ್ಲಿ ಹೊಸ ಪುಸ್ತಕ ಕಾಣುವುದಿಲ್ಲ ಎಂದು ಮೇಲ್ವಿಚಾರಕರ ಮೇಲೆ ರೇಗುವ ಮುಂಚೆ ಈ ಭಾಗಾಕಾರವನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು. ಅಲ್ಲಿಗೆ ಹೊಸ ಪುಸ್ತಕ ಬರಬೇಕಾದರೆ ಪಂಚಾಯಿತಿಯ ಹಣದಿಂದ ಬರಬೇಕು, ಇಲ್ಲವೇ ದಾನವಾಗಿ ಬರಬೇಕು.

ಪಟ್ಟಣದ ಓದುಕೋಣೆಯಲ್ಲಿ ಇವತ್ತು ಹೆಚ್ಚು ಕಾಣುವವರು ಕಾದಂಬರಿ ಓದುಗರಲ್ಲ, ಪರೀಕ್ಷೆಗೆ ಕೂತ ಹುಡುಗ ಹುಡುಗಿಯರು. ಎಫ್‌ಡಿಎ, ಎಸ್‌ಡಿಎ, ಪೊಲೀಸ್, ಶಿಕ್ಷಕ, ಪಿಡಿಒ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಬಂದ ಮೇಲೆ ಈ ಭಾಗದ ಸಿ ದರ್ಜೆಯ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಕೋಚಿಂಗಿಗೆ ಕಲಬುರಗಿಯಲ್ಲೋ ಧಾರವಾಡದಲ್ಲೋ ರೂಮು ಮಾಡಲು ಆಗದ ಮನೆಯ ಮಕ್ಕಳಿಗೆ ಊರ ಲೈಬ್ರರಿಯೇ ಕೋಚಿಂಗ್ ಸೆಂಟರ್. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಂದು, ಜಾಗ ಹಿಡಿಯಲು ಕುರ್ಚಿಯ ಮೇಲೆ ನೋಟ್‌ಬುಕ್ ಇಟ್ಟು, ಸಂಜೆ ಬಾಗಿಲು ಹಾಕುವವರೆಗೂ ಕೂರುತ್ತಾರೆ. ಹೀಗೆ ಕೂತವರಿಗೆ ದೊಡ್ಡ ಪೆಟ್ಟು ಬಿದ್ದಿದ್ದು 2021ರ ಅಕ್ಟೋಬರ್ 3ರಂದು ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಿಂದ. ಅದರ ಅಕ್ರಮದ ಎಳೆ ಸಿಕ್ಕಿದ್ದೇ ಕಲಬುರಗಿಯ ಕೇಂದ್ರವೊಂದರಲ್ಲಿ. ಪರೀಕ್ಷೆ ರದ್ದಾಗಿ ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಿನಿಂದ ಓದಿದವರ ಎರಡು ವರ್ಷಕ್ಕೆ ಯಾರೂ ಲೆಕ್ಕ ಕೊಡಲಿಲ್ಲ.

ಇವರಿಗೆ ಬೇಕಾದ್ದು ಬೆರಳೆಣಿಕೆಯ ಸಾಮಾನು: ಚಾಲ್ತಿ ವರ್ಷದ ಮಾಸಿಕಗಳು, ಹಳೆ ಪ್ರಶ್ನೆಪತ್ರಿಕೆಗಳು, ಶಾಲೆಯ ಸಮಾಜ ವಿಜ್ಞಾನ ಪಠ್ಯಗಳ ಒಂದು ಸೆಟ್, ಕರೆಂಟು, ನೀರು, ಶೌಚಾಲಯ. ಹುಡುಗಿಯರು ಮಧ್ಯಾಹ್ನಕ್ಕೇ ಎದ್ದು ಹೋಗುವುದಕ್ಕೆ ಬಹಳ ಕಡೆ ಕಾರಣ ಈ ಕೊನೆಯದು. ಮನವಿ ಬರೆಯುವವರು ಪುಸ್ತಕದ ಪಟ್ಟಿಯ ಮೇಲೆಯೇ ಶೌಚಾಲಯ ಎಂದು ಬರೆಯಬೇಕು. ಪುಸ್ತಕ ಸಾಲದಿದ್ದರೆ ಇನ್ನೊಂದು ದಾರಿಯೂ ಇದೆ. ಇಲಾಖೆ 2020ರಲ್ಲಿ ಆರಂಭಿಸಿದ ಡಿಜಿಟಲ್ ಗ್ರಂಥಾಲಯದ ಆ್ಯಪ್ ಇ-ಸಾರ್ವಜನಿಕ ಗ್ರಂಥಾಲಯ. ಮೊಬೈಲ್ ನಂಬರ್ ಕೊಟ್ಟು ಹೆಸರು ನೋಂದಾಯಿಸಿದರೆ ಇ-ಪುಸ್ತಕ, ಪಾಠದ ವಿಡಿಯೊಗಳನ್ನು ಉಚಿತವಾಗಿ ನೋಡಬಹುದು. ಡೇಟಾ ಮಿತಿ ಇರುವವರು ಲೈಬ್ರರಿಯ ಕಂಪ್ಯೂಟರಿನಲ್ಲೇ ತೆರೆಯಲಿ. ಅದನ್ನು ಕೊಟ್ಟಿರುವುದೇ ಅದಕ್ಕಾಗಿ. ಕಂಪ್ಯೂಟರಿಗೆ ಧೂಳು ಬೀಳಬಾರದೆಂದು ಬಟ್ಟೆ ಹೊದಿಸಿಟ್ಟಿದ್ದರೆ ತೆಗೆಯಲು ಹೇಳಿ.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, 2009ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ದೊಡ್ಡ ಗ್ರಂಥಾಲಯವಿದೆಯಲ್ಲ ಎಂದು ಕೇಳುವವರುಂಟು. ಅದು ಅಲ್ಲಿನ ವಿದ್ಯಾರ್ಥಿ, ಅಧ್ಯಾಪಕರಿಗಾಗಿ ಇರುವುದು. ಕಾರ್ಡು ಮಾಡಿಸಿ ಪುಸ್ತಕ ಒಯ್ಯಲು ಊರಿನವರಿಗೆ ಇರುವುದು ಆಳಂದದ ಶಾಖಾ ಗ್ರಂಥಾಲಯ, ಇಲ್ಲವೇ ಆಳಂದದಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಕಲಬುರಗಿಯ ಕೇಂದ್ರ ಗ್ರಂಥಾಲಯಗಳು.

ಹಳ್ಳಿಯ ಅರಿವು ಕೇಂದ್ರದ ಚಿತ್ರ ಬೇರೆಯೇ. ಅದನ್ನು ನಡೆಸುವವರು ಗ್ರಂಥಾಲಯ ಮೇಲ್ವಿಚಾರಕರು. ದಶಕಗಟ್ಟಲೆ ಅವರನ್ನು ಗೌರವಧನದ ಅರೆಕಾಲಿಕ ಕೆಲಸಗಾರರೆಂದೇ ದುಡಿಸಿಕೊಳ್ಳಲಾಯಿತು. ಲೈಬ್ರರಿ ದಿನಕ್ಕೆ ಕೆಲವೇ ತಾಸು ತೆರೆಯುತ್ತಿದ್ದುದಕ್ಕೆ ಸೋಮಾರಿತನಕ್ಕಿಂತ ಇದೇ ಮುಖ್ಯ ಕಾರಣ. ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಕೆಲಸದ ಅವಧಿಯೂ ವೇತನವೂ ಹೆಚ್ಚಿದವು, ಕಟ್ಟಡಗಳಿಗೆ ಬಣ್ಣ ಬಂತು, ಗೋಡೆಗೆ ಚಿತ್ರ ಬಂತು. ಈಗ ಸೌಲಭ್ಯ ಹೇಗಿರುತ್ತದೆ ಎಂಬುದು ಪಿಡಿಒ ಮತ್ತು ಅಧ್ಯಕ್ಷರ ಮನಸ್ಸಿನ ಮೇಲೆ ನಿಂತಿದೆ. ಆಸಕ್ತಿಯ ಪಿಡಿಒ ಇದ್ದಲ್ಲಿ ಮಕ್ಕಳಿಗೆ ಸಣ್ಣ ಕುರ್ಚಿ, ಇಂಟರ್‌ನೆಟ್, ಚೆಸ್ ಬೋರ್ಡು. ಇಲ್ಲದಲ್ಲಿ ಗೋಡೆಯ ಚಿತ್ರ ಮಾತ್ರ. ಪಿಡಿಒ ಪರೀಕ್ಷೆಗೆ ಓದುವ ಹುಡುಗರೇ ಪಿಡಿಒ ಸಾಹೇಬರ ಸಹಿ ಸಿಗದೆ ಮಾಸಿಕ ಬರುವುದು ನಿಂತಿದೆ ಎಂದು ಗೊಣಗುವುದನ್ನು ಈ ಕಡೆ ಕೇಳಬಹುದು.

ಮಕ್ಕಳ ವಿಷಯದಲ್ಲಿ ಮಾತ್ರ ನಿಯಮ ಸ್ಪಷ್ಟವಾಗಿದೆ. 2020ರ ನವೆಂಬರಿನಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಡಿ 6ರಿಂದ 18 ವರ್ಷದ ಎಲ್ಲ ಮಕ್ಕಳಿಗೂ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಕಾಲ ಅದು. ಮಕ್ಕಳ ಕೈಗೆ ಓದಲು ಏನಾದರೂ ಕೊಡಬೇಕಿತ್ತು. ಶಾಲೆ ತೆರೆದ ಮೇಲೂ ಅದು ಮುಂದುವರಿದಿದೆ. ಮಗುವಿನ ಹತ್ತಿರ ದುಡ್ಡು ಕೇಳಿದರೆ ಕೊಡಬೇಡಿ. ಗಟ್ಟಿಯಾಗಿ ಓದುವುದು, ಕಥೆ ಹೇಳುವುದು, ಚಿತ್ರ ಬರೆಯುವುದು, ಬೇಸಿಗೆ ಶಿಬಿರ, ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹ, ಇವು ವರ್ಷದ ಕಾರ್ಯಕ್ರಮಗಳು. ಇವುಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಗಟ್ಟಿ ಓದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಕಲಬುರಗಿ ಜಿಲ್ಲೆಯದು ಶೇ 64.85. ಅಂದರೆ ಎಷ್ಟೋ ಮನೆಗಳಲ್ಲಿ ಪುಸ್ತಕ ಓದಬಲ್ಲದ್ದು ಮಗು ಒಂದೇ. ತಂದೆತಾಯಿ ಮುಂಬೈಗೋ ಪುಣೆಗೋ ದುಡಿಯಲು ಹೋಗಿ, ಅಜ್ಜಿಯ ಹತ್ತಿರ ಬೆಳೆಯುವ ಮಕ್ಕಳು ತಾಂಡಾಗಳಲ್ಲಿ, ಗಡಿಯ ಊರುಗಳಲ್ಲಿ ಬಹಳ. ಆ ಮಗು ಒಯ್ದ ಪುಸ್ತಕವನ್ನು ಅಜ್ಜಿ ಕೇಳುತ್ತಾಳೆ. ಮಕ್ಕಳಿಗೆ ದೊಡ್ಡಕ್ಷರದ, ಚಿತ್ರವಿರುವ ತೆಳು ಪುಸ್ತಕ ಕೊಟ್ಟರೆ ಮನೆಯಲ್ಲಿ ಇಬ್ಬರಿಗೆ ಕೊಟ್ಟ ಹಾಗೆ.

ದಾನದ ಪುಸ್ತಕಗಳ ಬಗ್ಗೆ ಒಂದು ಮಾತು. ಪುಸ್ತಕ ಜೋಳಿಗೆ ಎಂದು ಊರೂರಿನಲ್ಲಿ ಅಭಿಯಾನ ನಡೆದಾಗ ಜನ ಉದಾರವಾಗಿಯೇ ಕೊಟ್ಟರು. ಕೊಟ್ಟಿದ್ದರಲ್ಲಿ ಪಠ್ಯಕ್ರಮ ಬದಲಾದ ಗೈಡು, ಹಳೇ ಡೈರಿ, ಸನ್ಮಾನದ ಸ್ಮರಣ ಸಂಚಿಕೆಗಳೂ ಇದ್ದವು. ಜೋಳಿಗೆ ತುಂಬುತ್ತದೆ, ಓದುಗ ಬರುವುದಿಲ್ಲ. ಕೊಡುವ ಮನಸ್ಸಿದ್ದರೆ ಮೊದಲು ಮೇಲ್ವಿಚಾರಕರನ್ನು ಕೇಳಿ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್ ಇವರ ಮಕ್ಕಳ ಪುಸ್ತಕಗಳು ಅಗ್ಗ. ಸಾವಿರ ರೂಪಾಯಿಗೆ ಒಂದು ಕಪಾಟಿನ ಸಾಲು ತುಂಬುತ್ತದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಉಚಿತ. ಮುದ್ರಿಸಿ ಹೊಲಿದು ಇಟ್ಟರೂ ತಕರಾರಿಲ್ಲ.

ಈ ತಾಲ್ಲೂಕುಗಳ ಲೈಬ್ರರಿಗೆ ಬೆಂಗಳೂರಿನಿಂದ ಸಿದ್ಧವಾಗಿ ಬಂದ ಪಟ್ಟಿ ಸಾಲದು ಎಂಬುದಕ್ಕೆ ಕಾರಣಗಳಿವೆ. ಅಫಜಲಪುರದ ಗಾಣಗಾಪುರದಲ್ಲಿ ಭೀಮಾ ಅಮರ್ಜಾ ಸಂಗಮದ ಔದುಂಬರದ ಕೆಳಗೆ ಕೂತು ಜನ ದಿನವೂ ಪಾರಾಯಣ ಮಾಡುವ ಗುರುಚರಿತ್ರೆ ಮೂಲದಲ್ಲಿ ಮರಾಠಿ ಪುಸ್ತಕ. ಅದನ್ನು ಬರೆದ ಸರಸ್ವತಿ ಗಂಗಾಧರರ ಪೂರ್ವಜ ಸಾಯಂದೇವ ಆಳಂದ ತಾಲ್ಲೂಕಿನ ಕಡಗಂಚಿಯವನು ಎಂಬುದು ಪರಂಪರೆಯ ಮಾತು. ಅಕ್ಕಲಕೋಟೆ, ಸೊಲ್ಲಾಪುರದ ಜೊತೆ ಕೊಡುಕೊಳ್ಳುವ ಗಡಿ ಹಳ್ಳಿಗಳಲ್ಲಿ ಮರಾಠಿ ಪೇಪರಿಗೂ ಓದುಗರಿದ್ದಾರೆ. ಲಾಡ್ಲೆ ಮಶಾಕರ ದರ್ಗಾದ ಆಳಂದದಲ್ಲಿ ಉರ್ದುವಿಗೂ ಇದ್ದಾರೆ. ಇನ್ನು ತತ್ವಪದ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಅಂದಿನ ಜೇವರ್ಗಿ ಅಂದರೆ ಇಂದಿನ ಯಡ್ರಾಮಿ ತಾಲ್ಲೂಕಿನ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನ ಪದಗಳನ್ನು ಹಾಡುವ ಭಜನಾ ಮೇಳಗಳು ಹಳ್ಳಿಹಳ್ಳಿಗೂ ಇವೆ. ಅವರ ಕೈಯಲ್ಲಿರುವುದು ಎಣ್ಣೆ ಮೆತ್ತಿದ ಕೈಬರಹದ ನೋಟ್‌ಬುಕ್. ಕನಕದಾಸ ಅಧ್ಯಯನ ಕೇಂದ್ರ ಹೊರತಂದ ತತ್ವಪದಗಳ ಸಂಪುಟಗಳು ಊರ ಲೈಬ್ರರಿಯಲ್ಲಿದ್ದರೆ ಮೇಳದವರೇ ಬಂದು ಕೂರುತ್ತಾರೆ, ಆ ಕೈಬರಹದ ನೋಟ್‌ಬುಕ್ಕುಗಳೂ ಲೈಬ್ರರಿಗೆ ಬರುತ್ತವೆ. ಕಲಬುರಗಿಯ ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರು ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ತಾವು ಮನೆಯಲ್ಲಿ ಆಡುವ ಮಾತೇ ಪುಸ್ತಕದಲ್ಲಿರುವುದನ್ನು ಕಂಡು ಹಿಗ್ಗುವ ಓದುಗರು ಇಲ್ಲಿದ್ದಾರೆ. ಆ ಕಾದಂಬರಿ ಇಲ್ಲದ ಲೈಬ್ರರಿ ಈ ಜಿಲ್ಲೆಯಲ್ಲಿ ಇರಬಾರದು.

ಕೇಳಿದ್ದು ಸಿಗದಿದ್ದರೆ ಏನು ಮಾಡುವುದು? ಬಾಯಿಮಾತು ಸಾಲದು, ಬರೆದು ಕೊಡಿ. ಪಟ್ಟಣದ ಲೈಬ್ರರಿಯಾದರೆ ಕಲಬುರಗಿ ಜಿಲ್ಲಾ ಕೇಂದ್ರ ಗ್ರಂಥಾಲಯದ ಮುಖ್ಯ ಗ್ರಂಥಾಲಯಾಧಿಕಾರಿಗೆ; ಹಳ್ಳಿಯದಾದರೆ ಪಿಡಿಒಗೆ, ಒಂದು ಪ್ರತಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. ಪುಸ್ತಕ ಬೇಕು ಎಂದು ಬರೆಯುವ ಬದಲು ಪುಸ್ತಕದ ಹೆಸರು, ಬರೆದವರು, ಪ್ರಕಾಶನ, ಬೆಲೆ ಬರೆದು, ಕೇಳುವ ಹತ್ತು ಓದುಗರ ಸಹಿ ಹಾಕಿಸಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಮನವಿಯನ್ನು ಆರು ತಿಂಗಳ ಮೇಲೆ ಕೇಳಿದರೆ ಬಂದೇ ಇಲ್ಲ ಎನ್ನುತ್ತಾರೆ.

ಹಣದ ಪ್ರಶ್ನೆ ಬಂದರೆ ಮಾಹಿತಿ ಹಕ್ಕು. ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಕರ ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡದೆ ಬಾಕಿ ಉಳಿಸಿಕೊಳ್ಳುವುದು ರಾಜ್ಯದಲ್ಲಿ ಹಳೆಯ ರೋಗ. ಬೆಂಗಳೂರಿನ ಹಿಂದಿನ ಮಹಾನಗರ ಪಾಲಿಕೆಯ ಬಾಕಿ ಎಷ್ಟೋ ಸಲ ಸುದ್ದಿಯಾಗಿತ್ತು. ನಿಮ್ಮ ಪುರಸಭೆ ಅಥವಾ ಪಂಚಾಯಿತಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿ: ಕಳೆದ ಮೂರು ವರ್ಷಗಳಲ್ಲಿ ವಸೂಲಾದ ಗ್ರಂಥಾಲಯ ಕರ ಎಷ್ಟು, ಅದರಲ್ಲಿ ಗ್ರಂಥಾಲಯಕ್ಕೆ ಪಾವತಿಸಿದ್ದು ಅಥವಾ ಖರ್ಚು ಮಾಡಿದ್ದು ಎಷ್ಟು, ಯಾವ ತಾರೀಖಿಗೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನ. ಬಾರದಿದ್ದರೆ ಮೊದಲ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅಲ್ಲಿಯೂ ಆಗದಿದ್ದರೆ ರಾಜ್ಯ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಕಲಬುರಗಿಯಲ್ಲೂ ಇರುವುದರಿಂದ ಬೆಂಗಳೂರಿನ ರೈಲು ಹತ್ತಬೇಕಾಗಿಲ್ಲ.

ಹಳ್ಳಿಯಲ್ಲಿ ಇದಕ್ಕಿಂತ ಬೇಗ ಫಲ ಕೊಡುವುದು ಮಕ್ಕಳ ಗ್ರಾಮ ಸಭೆ. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ನಡೆಯುತ್ತದೆ. ಶಾಲಾ ಮಕ್ಕಳು ಎದ್ದು ನಿಂತು ಪಂಚಾಯಿತಿ ಅಧ್ಯಕ್ಷರನ್ನೇ ನೇರ ಪ್ರಶ್ನೆ ಕೇಳಬಹುದು, ಕೇಳಿದ್ದು ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು. ನಮ್ಮ ಲೈಬ್ರರಿ ಸಂಜೆ ಶಾಲೆ ಬಿಡುವ ಹೊತ್ತಿಗೇ ಯಾಕೆ ಬಂದ್ ಆಗ್ತದ್ರಿ ಎಂದು ಆರನೇ ಇಯತ್ತೆಯ ಹುಡುಗಿಯೊಬ್ಬಳು ಮೈಕಿನಲ್ಲಿ ಕೇಳಿದರೆ ಹಾರಿಕೆಯ ಉತ್ತರ ಕೊಡುವುದು ಯಾರಿಗೂ ಸುಲಭವಲ್ಲ. ಪಂಚಾಯಿತಿಯ ಮುಂದಿನ ವರ್ಷದ ಕ್ರಿಯಾ ಯೋಜನೆ ಸಿದ್ಧವಾಗುವುದು ಆಮೇಲೆ. ಪುಸ್ತಕದ ಪಟ್ಟಿಯನ್ನೂ, ಸಂಜೆ ಎರಡು ತಾಸು ಹೆಚ್ಚಿಗೆ ತೆರೆಯುವ ಬೇಡಿಕೆಯನ್ನೂ ಅದಕ್ಕೆ ಮುಂಚೆ, ತೊಗರಿ ರಾಶಿ ಶುರುವಾಗಿ ಊರೆಲ್ಲ ಹೊಲಕ್ಕೆ ಹೋಗುವುದರೊಳಗೆ, ಕೊಟ್ಟುಬಿಡಿ.